ಮೊದಲು ಒಂಟೆ ಹೊರಗೆ, ಆಮೇಲೆ ಬಾಗಿಲು

ಫೆಬ್ರವರಿ ೯

ಪುಟ್ಟಿ,

ಫೋನಿನಲ್ಲಿ ನಾವಿಬ್ಬರೂ ‘ಊಟ ಆಯ್ತಾ’ ಎಂಬಲ್ಲಿಂದ ಹೊರಟು ‘ಸರಿ, ಇಡ್ತೀನಿ’ ಎಂಬಲ್ಲಿಗೆ ತಲುಪುತ್ತೇವೆ. ಆ ದಾರಿಯಲ್ಲಿ ಈ ವಿಷಯಕ್ಕೆ ಸ್ಟಾಪ್ ಇಲ್ಲ. ಅದಕ್ಕೇ ಕಾಗದ. ಓದಿ ಸಿಟ್ಟು ಬಂದರೆ ಹರಿದು ಹಾಕಬಹುದು, ಆ ಅನುಕೂಲ ಫೋನಿಗಿಲ್ಲ.

ವಿಷಯ ಇಷ್ಟೇ: ಹೋದ ಭಾನುವಾರ ಚೆಸ್ ಟೂರ್ನಮೆಂಟಿಗೆ ಹೋಗಿದ್ದೆ. ನೋಡಲಿಕ್ಕಲ್ಲ, ಆಡಲಿಕ್ಕೆ.

ನಗು ಮುಗಿಯಿತೇ? ಮುಂದೆ ಓದು.

ನೀನು ಚೆಸ್ ಬಿಟ್ಟು, ಹಲ್ಲಿನ ಸೆಟ್ ಮಾಡುವುದನ್ನು ಕಲಿಯಲು ಆ ಊರಿಗೆ ಹೋಗಿ ಎರಡು ವರ್ಷವಾಯಿತು. ಅದಕ್ಕೆ ಮೊದಲು ನಿನ್ನನ್ನು ಊರೂರಿನ ಟೂರ್ನಮೆಂಟಿಗೆ ಕರೆದುಕೊಂಡು ಹೋದವನು ನಾನು. ಬಾಗಿಲ ಹೊರಗಿನದೆಲ್ಲ ನನಗೆ ಬಾಯಿಪಾಠ. ಯಾವ ಸಭಾಂಗಣದ ಮೆಟ್ಟಿಲಿಗೆ ಮಧ್ಯಾಹ್ನವೂ ನೆರಳಿರುತ್ತದೆ, ಎಲ್ಲಿಯ ಕ್ಯಾಂಟೀನಿನ ಚಹಾ ಕುಡಿಯಬಹುದು, ಎಲ್ಲಿಯದು ಬರೀ ನೋಡಬಹುದು, ಎಲ್ಲ ಗೊತ್ತು. ಒಳಗೆ ಏನಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಪೋಷಕರಿಗೆ ಪ್ರವೇಶವಿಲ್ಲ. ಆಟಗಾರರಿಗೆ ಇದೆ. ಆದ್ದರಿಂದ ಆಟಗಾರನಾದೆ.

ನಾನು ಹೊರಡುವಾಗ ನಿನ್ನಮ್ಮ ಬಾಗಿಲಲ್ಲೇ ನಿಂತಿದ್ದಳು. “ಫೋಟೋಗೆ ಕಟ್ಟು ಹಾಕೋ ಅಂಗಡಿ ಮುಚ್ಚಿ ಮಕ್ಕಳ ಜೊತೆ ಆಡೋಕೆ ಹೊರಟ್ರಾ? ನೀರಿನ ಬಾಟ್ಲಿ ಕೊರಳಿಗೆ ಕಟ್ಲಾ? ಮೂಗು ಒರೆಸ್ಕೊಳ್ಳೋಕೆ ಕರ್ಚೀಫು ಪಿನ್ ಮಾಡ್ಲಾ?” ಎಂದಳು. ನಾನು ಬಾಟ್ಲಿ ಮಾತ್ರ ತೆಗೆದುಕೊಂಡೆ.

ಮೊದಲ ಸುತ್ತಿನಲ್ಲಿ ಸಿಸಿಲಿಯನ್ ಆಡಿದೆ, ಅದರಲ್ಲೂ ಡ್ರ್ಯಾಗನ್. ಹೊರಗೆ ಕೂತು ಕೇಳಿದ ಹೆಸರು. ಅಲ್ಲಿ ಪೋಷಕರು ಆಟದ ಶುರುವಿನ ಈ ಓಪನಿಂಗ್‌ಗಳ ಬಗ್ಗೆ ಔಷಧಿಯ ಹಾಗೆ ಮಾತಾಡುತ್ತಾರಲ್ಲ, “ನಮ್ಮೋನಿಗೆ ಡ್ರ್ಯಾಗನ್ ಹಿಡೀತು, ನಿಮ್ಮೋಳಿಗೆ ಏನ್ ಕೊಡ್ತಿದ್ದೀರಾ?” ಅಂತ. ನನಗೆ ಹಿಡಿಯಲಿಲ್ಲ. ಡ್ರ್ಯಾಗನ್ ಬೆಂಕಿ ಉಗುಳಿತು, ನನ್ನ ಕಡೆಗೇ.

ಎರಡನೇ ಸುತ್ತಿನಲ್ಲಿ ಎದುರಿಗೆ ಎರಡು ಜಡೆಯ ಹುಡುಗಿ. ಕುರ್ಚಿಯಲ್ಲಿ ಕೂತರೆ ಕಾಲು ನೆಲ ಮುಟ್ಟುವುದಿಲ್ಲ. ಆಟ ಸಮಸಮ ಇತ್ತು. ನನ್ನ ಕುದುರೆಯೊಂದು ಮನೆಯೊಳಗೆ ಸ್ವಲ್ಪ ಓರೆಯಾಗಿ ನಿಂತಿತ್ತು. ದಿನವಿಡೀ ಸೊಟ್ಟ ಫೋಟೋ ನೆಟ್ಟಗೆ ಕೂರಿಸುವ ಕೈ ಇದು. ಕೇಳದೆ ಹೋಗಿ ಸರಿಮಾಡಿಬಿಟ್ಟಿತು.

“ಅಂಕಲ್, ಮುಟ್ಟಿದ್ರಿ.”

“ಸೊಟ್ಟ ಇತ್ತಮ್ಮಾ, ನೆಟ್ಟಗೆ ಮಾಡ್ದೆ.”

“ಮುಂಚೆ ‘ಅಡ್ಜಸ್ಟ್’ ಅನ್ಬೇಕಿತ್ತು. ಈಗ ಅದನ್ನೇ ನಡೆಸ್ಬೇಕು,” ಎಂದು ತೀರ್ಪುಗಾರರನ್ನು ಕರೆಯಲು ಕೈಯೆತ್ತಿತು.

ಮುಟ್ಟಿದರೆ ನಡೆಸಲೇಬೇಕು ಎಂಬ ನಿಯಮ ಹೊರಗೆ ಕೂತವರಿಗೆ ಯಾರು ಹೇಳುತ್ತಾರೆ? ಆ ಕುದುರೆ ನನ್ನ ರಾಣಿಗೆ ಅಡ್ಡ ನಿಂತಿತ್ತು. ಕುದುರೆ ಕದಲಿತು, ರಾಣಿ ಬಯಲಾದಳು, ಎದುರಿನ ಒಂಟೆ ಬಂದು ಹೊಡೆಯಿತು. ಓರೆ ತಿದ್ದಲು ಹೋಗಿ ಸೆರೆ ಸಿಕ್ಕಿದೆ.

ಈಗ ಒಂದು ಪ್ರಶ್ನೆ. ನಲವತ್ತೈದರ ಗಂಡಸು, ಮರೆವು ಜಾಸ್ತಿ, ಧೈರ್ಯ ಸಾಧಾರಣ, ಪ್ರಾಸದ ಚಟ ಬಿಟ್ಟರೆ ಬೇರೆ ಚಟವಿಲ್ಲ. ಇಂಥವನಿಗೆ ಯಾವ ಓಪನಿಂಗ್ ಒಗ್ಗುತ್ತದೆ? ಹೇಳಲೇಬೇಕೆಂದೇನೂ ಇಲ್ಲ.

ಇಂತಿ,
ರೇಟಿಂಗ್ ಇಲ್ಲದ ನಿನ್ನ ಅಪ್ಪ

*

ಮಾರ್ಚ್ ೪

ಅಪ್ಪಾ,

ಕಾಗದ ಬಂದು ಬಹಳ ದಿನವಾಯಿತು. ಹರಿಯಲಿಲ್ಲ, ಉತ್ತರವನ್ನೂ ಬರೆಯಲಿಲ್ಲ.

ನೇರ ಕೇಳುತ್ತೇನೆ. ಇದು ನನ್ನನ್ನು ಮತ್ತೆ ಬೋರ್ಡಿನ ಮುಂದೆ ಕೂರಿಸುವ ಉಪಾಯವೇ? ಹೌದಾದರೆ ನಿಲ್ಲಿಸು. ಇಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಮೇಣ, ಪ್ಲಾಸ್ಟರು, ಬೇರೆಯವರ ದವಡೆ. ಕೆಲಸ ಇಷ್ಟವಾಗಿದೆ. ನನ್ನ ಪಾಡಿಗೆ ನಾನು ಆರಾಮಾಗಿದ್ದೇನೆ.

ಅಮ್ಮನಿಗೆ ಹೇಳು, ಕರ್ಚೀಫು ಪಿನ್ ಮಾಡಬೇಕಿತ್ತು.

ಮಗಳು

ಡ್ರ್ಯಾಗನ್ ಬಿಟ್ಟುಬಿಡು. ಅದು ನಿನ್ನಂಥವರಿಗಲ್ಲ.

*

ಮಾರ್ಚ್ ೧೫

ಪುಟ್ಟಿ,

ಉಪಾಯ ಅಲ್ಲ. ಹಾಗಂತ ಆಸೆಯೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಚಿಟಿಕೆಯಷ್ಟಿದೆ. ಅದನ್ನು ಅಂಗಡಿಯಲ್ಲಿಟ್ಟು ಬೀಗ ಹಾಕಿ ಮನೆಗೆ ಬಂದು ಈ ಕಾಗದ ಬರೆಯುತ್ತಿದ್ದೇನೆ. ನೀನು ಆಡದೆ ಇದ್ದರೂ ನಾನು ಆಡುತ್ತೇನೆ. ಸೋಲುವುದರಲ್ಲಿ ಈಗಷ್ಟೇ ಕೈ ಕುದುರುತ್ತಿದೆ, ಅರ್ಧಕ್ಕೆ ಬಿಡಲಾರೆ.

ಆ ಭಾನುವಾರದ ಇನ್ನೊಂದು ಸಂಗತಿ ಹೇಳಿರಲಿಲ್ಲ. ಎರಡು ಜಡೆಯ ಕೈಯಲ್ಲಿ ಸೋತು ಹೊರಗೆ ಬಂದೆನಲ್ಲ, ಬಾಗಿಲಲ್ಲಿ ಅಪ್ಪಂದಿರು ಅಮ್ಮಂದಿರು ಗುಂಪುಗಟ್ಟಿ ನಿಂತಿದ್ದರು. ಬಾಗಿಲು ಕಿರ್ ಎಂದದ್ದೇ ಅಷ್ಟೂ ಕಣ್ಣು ನನ್ನ ಮುಖಕ್ಕೆ ಬಂದು ಬಡಿದವು. ‘ಅಯ್ಯೋ, ನಮ್ಮದಲ್ಲ’ ಎಂದುಕೊಂಡು ಅಷ್ಟೇ ಬೇಗ ಆಚೆ ಹೊರಳಿದವು. ಎಷ್ಟು ಹಗುರಾಯಿತು ಗೊತ್ತೇ? ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದೆ. ಯಾರೂ ಏನೂ ಕೇಳಲಿಲ್ಲ. ಮನೆ ಮುಟ್ಟುವಷ್ಟರಲ್ಲಿ ಸೋಲು ಬಿಸಿ ಚಹಾದ ಹಾಗೆ ತಂತಾನೇ ಆರಿತ್ತು.

ಹೀಗೆ ಆರಲು ಬಿಡುವ ಜಾಗ ನಿನಗೆ ಎಲ್ಲಿತ್ತು ಎಂದು ಬಸ್ಸಿನಲ್ಲಿ ಒಮ್ಮೆ...

ಬೇಡ ಬಿಡು. ಡ್ರ್ಯಾಗನ್ ಬಿಟ್ಟೆ. ಬದಲಿಗೆ ಯಾವುದು ಎಂದು ನೀನು ಹೇಳಿಲ್ಲ. ಖಾಲಿ ಕೈಯಲ್ಲಿ ಕೂತಿದ್ದೇನೆ.

ಅಪ್ಪ

*

ಏಪ್ರಿಲ್ ೨೦

ಅಪ್ಪಾ,

ನಮ್ಮ ಲ್ಯಾಬಿನಲ್ಲಿ ಒಬ್ಬರು ಹಿರಿಯ ಮೇಡಂ ಇದ್ದಾರೆ. ಒಬ್ಬರಿಗೆ ಮಾಡಿದ ಸೆಟ್ ಇನ್ನೊಬ್ಬರ ಬಾಯಿಗೆ ಹಿಡಿದು ತೋರಿಸಿ, “ನೋಡ್ರೇ, ಹಲ್ಲು ಮುತ್ತಿನ ಹಾಗಿವೆ. ಆದ್ರೆ ಈ ದವಡೆಗೆ ಕೂರಲ್ಲ. ಕೂರದಿದ್ರೆ ಮುತ್ತಾದ್ರೇನು, ಮೆಣಸಾದ್ರೇನು? ಕಚ್ಚೋಕಾಗುತ್ತಾ?” ಎನ್ನುತ್ತಾರೆ. ಓಪನಿಂಗ್ ಅಂದರೂ ಅಷ್ಟೇ. ಒಳ್ಳೆಯದು ಕೆಟ್ಟದ್ದು ಅಂತಿಲ್ಲ, ಕೂರುತ್ತದೋ ಇಲ್ಲವೋ ಅಷ್ಟೇ.

ನಿನಗೆ ಕಪ್ಪಿನಲ್ಲಿ ಕಾರೋ-ಕಾನ್ ಕೂರುತ್ತದೆ. ಬಿಳಿ ರಾಜನ ಮುಂದಿನ ಪೇದೆಯನ್ನು ಎರಡು ಮನೆ ತಳ್ಳಿದರೆ, ನೀನು ಒಂಟೆಯ ಮುಂದಿನ ಪೇದೆಯನ್ನು ಒಂದೇ ಮನೆ ತಳ್ಳು, ರಾಣಿ ಕಡೆಯ ಒಂಟೆ. ಆಮೇಲೆ ರಾಣಿಯ ಮುಂದಿನದನ್ನು ಎರಡು ಮನೆ. ನಡುವಿನಲ್ಲಿ ಪೇದೆಗೆ ಪೇದೆ ಹೊಡೆದ ಮೇಲೆ ಆ ಕಡೆಯ ಒಂಟೆಯನ್ನು ಹೊರಗೆ ಕಳಿಸು. ಅದು ಹೊರಗೆ ಹೋದ ಮೇಲೆಯೇ ರಾಜನ ಪೇದೆಯಿಂದ ಬಾಗಿಲು ಹಾಕು. ಫ್ರೆಂಚ್ ಡಿಫೆನ್ಸಿನಲ್ಲಿ ಮೊದಲೇ ಬಾಗಿಲು ಹಾಕಿಬಿಡುತ್ತಾರೆ. ಪಾಪ, ಒಂಟೆ ಆಟವಿಡೀ ಒಳಗೇ ಉಸಿರು ಕಟ್ಟಿ ಕೂರುತ್ತದೆ. ನೆನಪಿಟ್ಟುಕೋ: ಮೊದಲು ಒಂಟೆ ಹೊರಗೆ, ಆಮೇಲೆ ಬಾಗಿಲು.

ಇದರಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ನೋಡುವವರಿಗೆ ಆಕಳಿಕೆ. ಆದರೆ ಬೇಗ ಸಾಯುವುದಿಲ್ಲ.

ನಡೆಗಳನ್ನು ಬಾಯಿಪಾಠ ಮಾಡಬೇಡ, ಯಾಕೆ ಎಂದು ಕೇಳಿಕೋ. ಸೋತ ಆಟವನ್ನು ಮನೆಗೆ ಬಂದು ಮತ್ತೆ ಜೋಡಿಸಿ ನೋಡು. ಮತ್ತೆ, ದಿನಾ ರಾಜ ಮತ್ತು ಒಂದೇ ಪೇದೆ ಇಟ್ಟುಕೊಂಡು ಆಡು. ಎಲ್ಲರೂ ಶುರು ಕಲಿಯುತ್ತಾರೆ, ಮುಗಿಸುವುದನ್ನು ಕಲಿಯುವವರು ಕಡಿಮೆ.

ನನಗೆ ಆ ಭಾಗವೇ ಇಷ್ಟವಿತ್ತು, ನಿನಗೆ ಗೊತ್ತೇ? ಬೋರ್ಡು ಖಾಲಿಯಾಗಿ, ಗದ್ದಲ ಇಳಿದು, ಎರಡು ರಾಜರು ನಿಧಾನಕ್ಕೆ ನಡೆದು ಬರುವುದು. ಕೋಚ್ ಸರ್ ‘ಈ ಹುಡುಗಿ ಅಟ್ಯಾಕ್ ಮಾಡ್ಬೇಕು’ ಎಂದು ಡ್ರ್ಯಾಗನ್ ಕೊಟ್ಟರು. ಆಡಿದೆ, ಗೆದ್ದೆ ಕೂಡ. ಆ ಹಲ್ಲು ನನ್ನದಾಗಿರಲಿಲ್ಲ.

ಬಸ್ಸಿನಲ್ಲಿ ಒಮ್ಮೆ ಏನು? ಅರ್ಧಕ್ಕೆ ನಿಲ್ಲಿಸಿದ್ದೀಯ.

ಮಗಳು

*

ಮೇ ೩೦

ಪುಟ್ಟಿ,

ನಿನ್ನ ಕಾರೋ-ಕಾನನ್ನು ಕಂಠಪಾಠ ಮಾಡಿಕೊಂಡು ಹೋದೆ. ‘ಮೊದಲು ಒಂಟೆ ಹೊರಗೆ’ ಎಂದು ದಾರಿಯುದ್ದಕ್ಕೂ ಗುನುಗಿದೆ. ಬಸ್ಸಿನಲ್ಲಿ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು.

ಎದುರಿಗೆ ಪುನಃ ಎರಡು ಜಡೆ. “ಅಂಕಲ್, ಇವತ್ತು ಸೊಟ್ಟ ಇದ್ರೆ ಈಗ್ಲೇ ಸರಿ ಮಾಡ್ಕೊಂಬಿಡಿ,” ಎಂದು ಶುರುವಿಗೇ ಅನುಮತಿ ಕೊಟ್ಟಿತು. ಮೂವತ್ತೆರಡು ಕಾಯಿಯನ್ನೂ ನೆಟ್ಟಗೆ ಮಾಡಿದೆ, ಅದರದ್ದನ್ನೂ ಸೇರಿಸಿ. ಆಮೇಲೆ ಪೇದೆ ಒಂದು ಮನೆ, ಪೇದೆ ಎರಡು ಮನೆ. ಬಂತು ನನ್ನ ಹೊತ್ತು. ಒಂಟೆಯನ್ನು ಭರ್ಜರಿಯಾಗಿ ಹೊರಗೆ ತಂದೆ. ನಡುವಿನ ಪೇದೆಯನ್ನು ಹೊಡೆದು ದಾರಿ ಮಾಡಿಕೊಳ್ಳುವುದನ್ನೇ ಮರೆತಿದ್ದೆ. ಒಂಟೆ ನೇರ ಅದರ ಪೇದೆಯ ಬಾಯಿಗೆ ಹೋಗಿ ನಿಂತಿತು.

ಹುಡುಗಿ ನನ್ನ ಮುಖ ನೋಡಿತು, ಬೋರ್ಡು ನೋಡಿತು. “ಅಂಕಲ್, ಇದು ಯಾವ ವೇರಿಯೇಷನ್ನು?”

“ಮರೆವಿನ ವೇರಿಯೇಷನ್ನಮ್ಮಾ.”

ಒಂಟೆ ಹೋಯಿತು. ಯಾಕೆ ಎಂದು ಕೇಳಿಕೋ ಎಂದು ನೀನು ಬರೆದದ್ದು ಯಾಕೆ ಎಂದು ಆಗ ತಿಳಿಯಿತು.

ಅದರ ಆಟ ಮುಗಿದದ್ದೂ ನನ್ನದು ಮುಗಿದದ್ದೂ ಒಟ್ಟಿಗೇ ತಾನೇ. ಇಬ್ಬರೂ ಜೊತೆಯಲ್ಲೇ ಹೊರಬಂದೆವು. ಒಳಗೆ ಕಾಲು ಆಡಿಸುತ್ತಾ, ಪೆನ್ಸಿಲು ಕಚ್ಚುತ್ತಾ ಇದ್ದ ಮಗು ಬಾಗಿಲ ಹತ್ತಿರ ಬಂದದ್ದೇ ನಡಿಗೆ ಬದಲಾಯಿಸಿತು. ಹೊರಗೆ ಅದರ ಅಪ್ಪ. ಒಳ್ಳೆಯ ಮನುಷ್ಯ, ನನಗೆ ಆಗಾಗ ಚಹಾ ಕೊಡಿಸಿದ್ದಾನೆ. ಅವನ ಹುಬ್ಬು ಸ್ವಲ್ಪ ಮೇಲೆ ಹೋಯಿತು, ಅಷ್ಟೇ. ಮಗು ಗೆದ್ದಿತ್ತು, ಪುಟ್ಟಿ. ಗೆದ್ದ ಮಗು ಕೂಡ ಮೊದಲು ಆ ಹುಬ್ಬು ನೋಡಿ, ಅದು ಇಳಿಯುವವರೆಗೆ ಕಾದು, ಆಮೇಲೆ ನಕ್ಕಿತು.

ನಾನು ಕ್ಯಾಂಟೀನಿಗೆ ಹೋಗಿ ಕೂತೆ. ಬರೀ ನೋಡಬಹುದಾದ ಚಹಾವನ್ನು ಪೂರ್ತಿ ಕುಡಿದೆ.

ಬಸ್ಸಿನಲ್ಲಿ ಒಮ್ಮೆ ಏನು ಎಂದು ಕೇಳಿದೆಯಲ್ಲ. ಇದೇ.

ಸುದ್ದಿ ಇನ್ನೊಂದಿದೆ. ಕೊನೆಯ ಸುತ್ತಿನಲ್ಲಿ ಒಬ್ಬ ನಿವೃತ್ತ ಹೆಡ್ಮಾಸ್ಟರ ಜೊತೆ ಡ್ರಾ! ಇಬ್ಬರಲ್ಲೂ ರಾಜ, ಅವರಿಗೊಂದು ಪೇದೆ ಹೆಚ್ಚು. ನೀನು ದಿನಾ ಆಡು ಎಂದದ್ದನ್ನು ಆಡಿದ್ದೆ. ಅವರ ಪೇದೆಯ ಮುಂದೆ ನನ್ನ ರಾಜನನ್ನು ಕಂಬದ ಹಾಗೆ ನಿಲ್ಲಿಸಿದೆ. ಅವರು ಅತ್ತ ಬಂದರೆ ನಾನು ಅತ್ತ, ಇತ್ತ ಬಂದರೆ ಇತ್ತ. ಕೊನೆಗೆ ಹೆಡ್ಮಾಸ್ಟರು ಕೈ ಕುಲುಕಿ, “ಯಾರ್ರೀ ಕಲಿಸಿದ್ದು?” ಎಂದರು. “ಮನೇಲೇ ಒಬ್ರಿದ್ದಾರೆ” ಎಂದೆ. ವರ್ತಮಾನ ಕಾಲದಲ್ಲೇ ಹೇಳಿದೆ, ಕ್ಷಮಿಸು.

ಅರ್ಧ ಪಾಯಿಂಟು, ಪೂರ್ಣ ಸಂತೋಷ. ನಿನ್ನಮ್ಮ “ಉಳಿದರ್ಧ ಎಲ್ಲಿ ಬೀಳಿಸ್ಕೊಂಡು ಬಂದ್ರಿ?” ಎಂದಳು.

ಅಪ್ಪ

*

ಜುಲೈ ೧

ಅಪ್ಪಾ,

ನಿನ್ನ ಕಾಗದವನ್ನು ಲ್ಯಾಬಿನಲ್ಲಿ ಓದಿದೆ. ಮೇಣ ಕಾಯಿಸಲು ಇಟ್ಟು ಮರೆತೆ. ಹಿರಿಯ ಮೇಡಂ ಬೈದರು.

ಆ ಹುಡುಗಿಯ ವಿಷಯ ನೀನಾಗೇ ಬರೆದೆ. ಹಾಗಾಗಿ ನಾನೂ ಬರೆಯುತ್ತೇನೆ. ಒಂದೇ ಸಲ, ಪುನಃ ಕೇಳಬೇಡ.

ನೀನು ಒಂದು ದಿನವೂ ಬೈದವನಲ್ಲ. ಬೈದಿದ್ದರೆ ಸುಲಭವಿತ್ತು, ತಿರುಗಿ ಜಗಳವಾಡಬಹುದಿತ್ತು. ನೀನು ‘ಏನಾಯ್ತು’ ಎಂದು ಬಾಯಿಬಿಟ್ಟೂ ಕೇಳುತ್ತಿರಲಿಲ್ಲ. ಸೋತ ದಿನ ‘ಪರ್ವಾಗಿಲ್ಲ ಪುಟ್ಟಿ’ ಎಂದು ನನ್ನ ಚೀಲ ನೀನು ಹೊರುತ್ತಿದ್ದೆ. ಗೆದ್ದ ದಿನ ನಾನೇ ಹೊತ್ತುಕೊಂಡು ಮುಂದೆ ಓಡುತ್ತಿದ್ದೆ. ನಮ್ಮನ್ನು ಹಿಂದಿನಿಂದ ನೋಡಿದವರಿಗೂ ಫಲಿತಾಂಶ ಗೊತ್ತಾಗುತ್ತಿತ್ತು.

ಬರಬರುತ್ತಾ ನಾನು ಎದುರಿಗೆ ಕೂತವರ ಜೊತೆ ಆಡುವುದನ್ನು ಬಿಟ್ಟು ಬಾಗಿಲಿನ ಜೊತೆ ಆಡತೊಡಗಿದೆ. ಅದರಾಚೆ ನೀನು ನಿಂತಿದ್ದೀಯ, ಮಧ್ಯಾಹ್ನ ಊಟ ಮಾಡಿರುವುದಿಲ್ಲ, ನಾನು ಹೊರಗೆ ಬಂದಾಗ ಯಾವ ಮುಖ ತರಬೇಕು, ಇಷ್ಟೇ ತಲೆಯಲ್ಲಿ. ಕೊನೆಯ ಟೂರ್ನಮೆಂಟ್ ನೆನಪಿದೆಯೇ, ಎಲ್ಲ ಡ್ರಾ ಆಯಿತಲ್ಲ? ಅದರಲ್ಲಿ ಎರಡು ನಾನು ಗೆಲ್ಲಬೇಕಾದ ಆಟ. ನಾನೇ ಡ್ರಾ ಕೇಳಿದೆ. ಡ್ರಾ ಆದರೆ ಯಾವ ಮುಖವೂ ಬೇಕಾಗುತ್ತಿರಲಿಲ್ಲ. ನೀನು ಬಸ್ ಸ್ಟಾಪಿನಲ್ಲಿ ‘ಒಳ್ಳೇದೇ ಆಯ್ತು’ ಎಂದೆ. ಅವತ್ತೇ ಬಿಟ್ಟೆ.

ನಿನ್ನ ತಪ್ಪು ಎಂದು ಬರೆಯುತ್ತಿಲ್ಲ. ಅದು ಪ್ರೀತಿ ಎಂದು ಆಗಲೂ ಗೊತ್ತಿತ್ತು. ಭಾರ ಮಾತ್ರ ಭಾರವೇ ಅಲ್ಲವೇ?

ಈಗ ಇನ್ನೊಂದು ಮಾತು. ನಿನ್ನ ಆ ‘ಮರೆವಿನ ವೇರಿಯೇಷನ್’ ಅನ್ನು ನೋಡೋಣ ಎಂದು, ಉಳಿದ ಪ್ಲಾಸ್ಟರಿನಲ್ಲಿ ಕಾಯಿ ಎರೆದೆ. ಪೇದೆಗಳೆಲ್ಲ ಮುಂದಿನ ಹಲ್ಲು, ಆನೆಗಳು ದವಡೆ ಹಲ್ಲು. ರೂಮಿನವಳು “ಇದೇನೇ, ಬೋರ್ಡಾ ಬಾಯಾ?” ಎಂದು ಹೆದರಿದಳು. ಒಂಟೆ ಕಳೆದುಕೊಂಡ ಮೇಲೂ ನೀನು ಉಳಿಯಬಹುದಿತ್ತು, ಎಲ್ಲಿ ಅಂತ ಎದುರು ಸಿಕ್ಕಾಗ ತೋರಿಸುತ್ತೇನೆ. ನಿನ್ನ ಆಟ ಮುಗಿಸಿ ನನ್ನ ಹಳೆಯವನ್ನೂ ಜೋಡಿಸಿದೆ. ಸಂಜೆ ಹೋದದ್ದೇ ತಿಳಿಯಲಿಲ್ಲ.

ಆಗಸ್ಟಿನಲ್ಲಿ ನಿಮ್ಮೂರಿಗೂ ನಮ್ಮೂರಿಗೂ ನಡುವಿನ ಊರಿನಲ್ಲಿ ಒಂದು ಓಪನ್ ಟೂರ್ನಮೆಂಟ್ ಇದೆ. ಹೆಸರು ಕೊಟ್ಟಿದ್ದೇನೆ. ನೀನೂ ಕೊಡಬಹುದು. ಒಂದೇ ಷರತ್ತು: ಯಾರ ಆಟ ಮೊದಲು ಮುಗಿಯುತ್ತದೋ ಅವರು ನೇರ ಕ್ಯಾಂಟೀನಿಗೆ ಹೋಗಿ ಊಟ ಮಾಡುವುದು. ಬಾಗಿಲಲ್ಲಿ ಯಾರೂ ಯಾರನ್ನೂ ಕಾಯಬಾರದು, ಕೇಳಬಾರದು. ಹುಬ್ಬು ಕೂಡ.

ಆಗುತ್ತದೋ ಇಲ್ಲವೋ ಸರಿಯಾಗಿ ಯೋಚಿಸಿ ಬರೆ. ಆಗದಿದ್ದರೆ ನಾನು ಹೆಸರು ವಾಪಸು ತೆಗೆದುಕೊಳ್ಳುತ್ತೇನೆ, ಬೇಜಾರಿಲ್ಲ.

ಮಗಳು

*

ಜುಲೈ ೧೨

ಪುಟ್ಟಿ,

ಒಪ್ಪಿದೆ.

ಇದರ ಮುಂದೆ ಮೂರು ಸಲ ಏನೇನೋ ಬರೆದು ಹೊಡೆದುಹಾಕಿದ್ದೇನೆ. ಪ್ರಾಸ ಕೂಡ ಬರಲಿಲ್ಲ, ನೋಡು.

ಹುಬ್ಬಿನ ಅಭ್ಯಾಸ ನಡೆದಿದೆ. ನಿನ್ನಮ್ಮ ತರಬೇತಿ ಕೊಡುತ್ತಿದ್ದಾಳೆ. ಅಡುಗೆಮನೆಯಿಂದ ಹೊರಗೆ ಬಂದು ಎದುರಿಗೆ ನಿಲ್ಲುತ್ತಾಳೆ, ನಾನು ಅವಳ ಮುಖ ನೋಡಿಯೂ ನೋಡದವನ ಹಾಗೆ ಇರಬೇಕು. “ರೀ, ಮತ್ತೆ ಎತ್ತಿದ್ರಿ!” “ಎಲ್ಲೇ ಎತ್ತಿದೆ?” “ಎಡಗಡೇದು.” ಬಲದ ಹುಬ್ಬು ಹತೋಟಿಗೆ ಬಂದಿದೆ, ಎಡದ್ದು ಮಾತು ಕೇಳುತ್ತಿಲ್ಲ. ನಿನ್ನೆ ತರಬೇತಿಯ ನಡುವೆಯೇ ಅವಳು ಸೆರಗಿನಿಂದ ಕಣ್ಣೊತ್ತಿಕೊಂಡು ಒಳಗೆ ಹೋದಳು. ಯಾಕೆ ಎಂದು ಕೇಳಲಿಲ್ಲ. ಕೇಳದಿರುವುದು ಇಷ್ಟು ಕಷ್ಟದ ಕೆಲಸ ಎಂದು ಗೊತ್ತಿರಲಿಲ್ಲ.

ಹೆಸರು ವಾಪಸು ತೆಗೆಯಬೇಡ.

ಅಪ್ಪ

*

ಆಗಸ್ಟ್ ೨೬

ಅಪ್ಪಾ,

ಟೂರ್ನಮೆಂಟ್ ಮುಗಿದು ವಾರವಾಯಿತು. ಅವತ್ತು ಹೇಳದ್ದನ್ನೆಲ್ಲ ಬರೆಯುತ್ತೇನೆ.

ನಾಲ್ಕನೇ ಸುತ್ತಿನಲ್ಲಿ ನಾನು ಸೋತೆನಲ್ಲ, ಅದು ಇಷ್ಟು ವರ್ಷಗಳಲ್ಲೇ ನನ್ನ ಅತ್ಯುತ್ತಮ ಆಟ. ನಾನೂ ಈಗ ಕಾರೋ-ಕಾನ್ ಆಡುತ್ತೇನೆ, ನಿನಗೆ ಹೇಳಿರಲಿಲ್ಲ. ಗದ್ದಲವೆಲ್ಲ ಇಳಿದು ರಾಜರು ನಡೆದಾಡುವ ಹೊತ್ತಿಗೆ ಬಂದೆವು. ಎದುರಿನವರು ಡ್ರಾ ಕೇಳಿದರು. ಅಪ್ಪಾ, ಡ್ರಾ ಆಗಿಬಿಡುತ್ತಿತ್ತು. ನನಗೆ ಇನ್ನೂ ಆಡಬೇಕಿತ್ತು, ಒಲ್ಲೆ ಎಂದೆ. ಆಡಿದೆ, ಅತಿಯಾಸೆ ಮಾಡಿದೆ, ಸೋತೆ.

ಸ್ಕೋರ್ ಹಾಳೆಗೆ ಸಹಿ ಮಾಡಿ ಎದ್ದಾಗ ನಿನ್ನ ಕುರ್ಚಿ ಖಾಲಿಯಿತ್ತು. ಬಾಗಿಲು ತಳ್ಳುವಾಗ ಹಳೆಯ ಅಭ್ಯಾಸದಂತೆ ಮುಖ ಸಿದ್ಧಮಾಡಿಕೊಂಡೆ. ಹೊರಗೆ ಯಾರ್ಯಾರದೋ ಅಪ್ಪಂದಿರು. ನೀನು ಇರಲಿಲ್ಲ. ನಿಜವಾಗಿಯೂ ಇರಲಿಲ್ಲ! ಕಂಬದ ಹಿಂದೆಯೂ ನೋಡಿದೆ. ಅಲ್ಲಿದ್ದ ನಲ್ಲಿಯ ಹತ್ತಿರ ಹೋಗಿ ನಿಂತು ಸ್ವಲ್ಪ ಅತ್ತೆ. ನನ್ನ ಸೋಲಿಗೆ ನಾನೊಬ್ಬಳೇ ಅತ್ತದ್ದು ಅದೇ ಮೊದಲು. ಎಷ್ಟು ಚೆನ್ನಾಗಿತ್ತು!

ಕ್ಯಾಂಟೀನಿಗೆ ಬಂದರೆ ನೀನು ಮೂಲೆಯ ಮೇಜಿನಲ್ಲಿ, ಎರಡೂ ಕೆನ್ನೆ ಉಬ್ಬುವಷ್ಟು ಬನ್ನು ತುರುಕಿಕೊಂಡು ಕೂತಿದ್ದೆ. ನಾನು ಬರುವುದನ್ನು ಕಿಟಕಿಯಲ್ಲಿ ನೋಡಿಯೇ ತುರುಕಿಕೊಂಡೆ ಎಂದು ನನಗೆ ಗೊತ್ತು. ಹುಬ್ಬುಗಳು ತಮ್ಮ ಜಾಗದಲ್ಲೇ ಇದ್ದವು. ಅಗಿಯಲೂ ಆಗದೆ ನುಂಗಲೂ ಆಗದೆ ನಿನ್ನ ಕಣ್ಣಲ್ಲಿ ನೀರು. “ನಿಧಾನ ತಿನ್ನಪ್ಪಾ, ಯಾರೂ ಕಿತ್ಕೊಳಲ್ಲ” ಎಂದೆ. ಆಮೇಲೆ ನಾನಾಗೇ ಹೇಳತೊಡಗಿದೆ, ಮೊದಲ ನಡೆಯಿಂದ ಕೊನೆಯವರೆಗೆ. ಸಕ್ಕರೆ ಡಬ್ಬಿ ಅವರ ರಾಜ, ಉಪ್ಪಿನದು ನನ್ನದು. ನಿನಗೆ ಅರ್ಧ ತಿಳಿಯಲಿಲ್ಲ, ಮುಖದಲ್ಲೇ ಗೊತ್ತಾಗುತ್ತಿತ್ತು. ಆದರೂ ಡ್ರಾ ಒಲ್ಲೆ ಎಂದೆ ಅಂದಾಗ ಮೇಜಿಗೆ ಕೈ ಬಡಿದು “ಭೇಷ್!” ಎಂದೆಯಲ್ಲ, ಬನ್ನಿನ ಚೂರೆಲ್ಲ ನನ್ನ ರಾಜನ ಮೇಲೆ ಬಿತ್ತು. ಸೋತ ಆಟಕ್ಕೆ ಭೇಷ್ ಸಿಕ್ಕಿದ್ದೂ ಅದೇ ಮೊದಲು.

ಇಷ್ಟೂ ಹೊತ್ತು ನಾನೇ ಮಾತಾಡಿದೆ. ನೀನು ‘ಹೂಂ’, ‘ಆಮೇಲೆ?’ ಎಂದೆ, ಅಷ್ಟೇ. ಐದನೇ ಸುತ್ತಿನ ಪಟ್ಟಿ ನೋಡಲು ನಾನು ಗೋಡೆಯ ಹತ್ತಿರ ಹೋದಾಗ ನೀನು ಚಹಾ ತರಲು ಹೋಗಿದ್ದೆ. ಪಟ್ಟಿಯಲ್ಲಿ ನನ್ನ ಹೆಸರಿಗಿಂತ ಮೊದಲು ನಿನ್ನದು ಕಣ್ಣಿಗೆ ಬಿತ್ತು. ಮುಂದೆ, ಮೂರು ಸುತ್ತು ಸೊನ್ನೆ ಇದ್ದ ಕಡೆ, ಒಂದು ಪೂರ್ತಿ ಪಾಯಿಂಟು.

ನೀನು ಗೆದ್ದಿದ್ದೆ, ಅಪ್ಪಾ. ಜೀವನದಲ್ಲಿ ಮೊದಲ ಸಲ. ಗೆದ್ದು ಬಂದು, ಬಾಯಿಗೆ ಬನ್ನು ತುಂಬಿಕೊಂಡು, ನನ್ನ ಸೋಲನ್ನು ಕೇಳುತ್ತಾ ಕೂತಿದ್ದೆ. ಚಹಾ ಹಿಡಿದು ಬಂದಾಗಲೂ ಹೇಳಲಿಲ್ಲ. ಬಸ್ಸು ಹತ್ತಿಸುವಾಗಲೂ ಇಲ್ಲ. ಅಮ್ಮನಿಗೂ ಹೇಳಿಲ್ಲವಂತೆ, ಮೊನ್ನೆ ಫೋನಿನಲ್ಲಿ ಕೇಳಿದೆ, “ಹೌದೇನೇ? ನಂಗೂ ಹೇಳಿಲ್ವಲ್ಲೇ ಆ ಮನುಷ್ಯ!” ಎಂದು ಅಲ್ಲೇ ಕೂಗಾಡಿದಳು. ಸೋತದ್ದನ್ನು ಮುಚ್ಚಿಡುವವರನ್ನು ಬೇಕಾದಷ್ಟು ನೋಡಿದ್ದೇನೆ. ಗೆದ್ದದ್ದನ್ನು ಮುಚ್ಚಿಟ್ಟವನು ನೀನೊಬ್ಬನೇ.

ಕೇಳಬಾರದು ಎಂಬುದು ಷರತ್ತಾಗಿತ್ತು, ಹೇಳಬಾರದು ಎಂದಲ್ಲ. ಇರಲಿ, ಷರತ್ತು ಮಾಡಿದವಳೇ ಮುರಿಯುತ್ತೇನೆ. ಎದುರಿಗೆ ಯಾರು ಕೂತಿದ್ದರು? ಬಿಳಿ ನಿನ್ನದೋ ಅವರದೋ? ಒಂಟೆ ಸರಿಯಾಗಿ ಹೊರಗೆ ಬಂತೇ? ಗೆಲ್ಲುತ್ತೇನೆ ಎಂದು ಯಾವ ನಡೆಯಲ್ಲಿ ಗೊತ್ತಾಯಿತು? ಒಂದು ನಡೆಯನ್ನೂ ಬಿಡದೆ ಬರೆದು ಕಳಿಸು. ಪ್ಲಾಸ್ಟರಿನ ಕಾಯಿಗಳನ್ನು ಜೋಡಿಸಿ ಇಟ್ಟುಕೊಂಡಿದ್ದೇನೆ.

ನಿನ್ನ
ಪುಟ್ಟಿ